ಮಗಳ ಆಟ ನೋಡಲು ಒಂದು ಕ್ಯಾಮೆರಾ

ಹೋದ ವಾರ ಸಂಜೆ ಅಂಗಡಿಯಲ್ಲಿ ಕೊತ್ತಂಬರಿ ಕಟ್ಟುಗಳಿಗೆ ನೀರು ಚಿಮುಕಿಸುತ್ತಿದ್ದೆ. ಒಬ್ಬಳು ಹುಡುಗಿ ಬಂದು ಸೌತೆಕಾಯಿ ಆರಿಸತೊಡಗಿದಳು. ಬೆವರಿಗೆ ಬೆನ್ನಿಗಂಟಿದ ಜೆರ್ಸಿ, ಒಂದು ಮಂಡಿಗೆ ಸುತ್ತಿದ ಪಟ್ಟಿ. ಅವಳು ಬಗ್ಗಿದ್ದೇ ತಡ, ಕೊತ್ತಂಬರಿಯ ವಾಸನೆಯನ್ನು ಸೀಳಿಕೊಂಡು ನೋವಿಗೆ ಹೊಡೆಯುವ ಸ್ಪ್ರೇಯ ಘಾಟು ನನ್ನ ಮೂಗಿಗೆ ಬಡಿಯಿತು. ಬಲಗೈಯ ತೋರುಬೆರಳು ತಾನಾಗಿಯೇ ಮಡಚಿಕೊಂಡಿತು.

“ಬಾಸ್ಕೆಟ್‌ಬಾಲಾ?” ಎಂದು ಕೇಳಿಬಿಟ್ಟೆ.

“ಹೂಂ ಆಂಟಿ. ನಿಮಗೂ ಗೊತ್ತಾ?”

ಗೊತ್ತಾ ಎಂದರೆ! ಅವಳು ಹೋದ ಮೇಲೂ ನನಗೆ ತಕ್ಕಡಿಯ ಮೇಲೆ ಗಮನ ನಿಲ್ಲಲಿಲ್ಲ. ಗಿರಾಕಿಯೊಬ್ಬರಿಗೆ ಬೀನ್ಸ್ ಬದಲು ಗೋರಿಕಾಯಿ ತೂಗಿ ಕೊಟ್ಟೆ. ನನ್ನ ತಲೆಯಲ್ಲಿ ಸಿಮೆಂಟು ಕೋರ್ಟಿನ ಮೇಲೆ ಬೂಟುಗಳು ಕಿರುಗುಡುತ್ತಿದ್ದವು.

ಕೆಲವು ವರ್ಷಗಳ ಹಿಂದಿನ ಮಾತು. ಮಗಳ ಬಾಸ್ಕೆಟ್‌ಬಾಲ್ ಲೀಗಿನ ಆ ವರ್ಷ ನನ್ನ ಪಾಲಿಗೆ ಅವರೆಕಾಯಿಯ ಕೊನೆಯ ಮೂಟೆ ಖಾಲಿಯಾದಾಗ ಶುರುವಾಗಿ, ಮಾವಿನಹಣ್ಣು ರಾಶಿ ಬೀಳುವ ಹೊತ್ತಿಗೆ ಮುಗಿಯಿತು. ನಮ್ಮದು ಮಲ್ಲೇಶ್ವರದ ಎಂಟನೇ ಕ್ರಾಸಿನ ಹತ್ತಿರ ತರಕಾರಿ ಅಂಗಡಿ, ಮನೆ ಶೇಷಾದ್ರಿಪುರದಲ್ಲಿ. ನನ್ನ ಗಂಡ ಗೋಪಿ ಬೆಳಕು ಹರಿಯುವ ಮೊದಲೇ ಕಲಾಸಿಪಾಳ್ಯಕ್ಕೆ ಹೋಗಿ ಮಾಲು ತರುತ್ತಾರೆ, ನಾನು ಅಂಗಡಿಯಲ್ಲಿ ಕೂರುತ್ತೇನೆ. ಕೂರುವುದೇನು, ಕೂಗುತ್ತೇನೆ. ಮದುವೆಯಾಗಿ ಬಂದಾಗ ನನ್ನ ಮಾವ, “ಮಂಗಳಾ, ನಿನ್ನ ಗಂಟಲು ಒಂದಿದ್ರೆ ಬೋರ್ಡೇ ಬೇಡಮ್ಮ” ಎಂದಿದ್ದರು. ನಾನು ಬಾಯಿ ತೆರೆದರೆ ಆಚೆ ಫುಟ್‌ಪಾತಿನವರೂ ತಿರುಗಿ ನೋಡಬೇಕು.

ಆ ಗಂಟಲೇ ನನಗೆ ಮುಳುವಾಯಿತು.

ಮಗಳು ಸಿಂಚನಾಗೆ ಆಗ ಹದಿನೈದು. ನಮ್ಮ ಬಡಾವಣೆಯ ಕ್ಲಬ್ಬಿನ ಹುಡುಗಿಯರ ತಂಡದಲ್ಲಿ ಆಡುತ್ತಿದ್ದಳು. ಅದರ ಹಿಂದಿನ ವರ್ಷ ಒಂದು ಆಟದಲ್ಲಿ ಬುಟ್ಟಿಯ ಕೆಳಗೆ ಮೇಲಕ್ಕೆ ಜಿಗಿದವಳನ್ನು ಎದುರು ತಂಡದ ಹುಡುಗಿ ಗುದ್ದಿದಳು, ಇವಳು ಸಿಮೆಂಟಿನ ಮೇಲೆ ಕೈಯೂರಿ ಬಿದ್ದಳು. ಮುಂಗೈ ಮೂಳೆ ಮುರಿಯಿತು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತಿದ್ದೆ. ಆ ಕೈ ತಿರುಗಿದ ರೀತಿಯನ್ನು ಕಣ್ಣಾರೆ ನೋಡಿದೆ. ಮೂಳೆ ಕೂಡಿತು, ಅವಳು ಮತ್ತೆ ಆಡಲು ಹೋದಳು. ನನಗೆ ಮಾತ್ರ ಕೂಡಲಿಲ್ಲ. ಅವಳ ಕೈಗೆ ಬಾಲು ಸಿಕ್ಕಿದರೆ ಸಾಕು, ನನ್ನ ಗಂಟಲಿನಿಂದ “ಹುಷಾರೂ!” ಎಂಬ ಕೂಗು ಸಿಡಿಯುತ್ತಿತ್ತು. ತಡೆದರೂ ನಿಲ್ಲುತ್ತಿರಲಿಲ್ಲ.

ಆ ಫೆಬ್ರವರಿಯ ಒಂದು ಸಂಜೆ, ಲೀಗಿನ ಮೊದಲ ಆಟದಲ್ಲೇ ರೆಫರಿ ಸೀಟಿ ಊದಿ ಆಟ ನಿಲ್ಲಿಸಿದರು. ಕೋಚ್ ರಘು ಸರ್ ಹತ್ತಿರ ಏನೋ ಹೇಳಿದರು. ರಘು ಸರ್ ನನ್ನ ಬಳಿ ಬಂದು ಕೈ ಮುಗಿದರು.

“ಮೇಡಂ, ದಯವಿಟ್ಟು ಸ್ವಲ್ಪ ಹೊರಗಡೆ ಇರ್ತೀರಾ? ಮಕ್ಕಳಿಗೆ ನಾನು ಹೇಳೋದೇ ಕೇಳಿಸ್ತಿಲ್ಲ.”

ಇಡೀ ಕೋರ್ಟು ನೋಡುತ್ತಿತ್ತು. ನಾನು ಗೇಟಿನಾಚೆ, ಮಳೆಮರದ ಕೆಳಗೆ ನಿಂತೆ. ಮನೆಗೆ ಬರುವಾಗ ಸ್ಕೂಟರಿನ ಹಿಂದೆ ಕೂತ ಮಗಳು ಲಿಂಕ್ ರೋಡ್ ದಾಟಿದ ಮೇಲೆ ಹೇಳಿದಳು: “ಅಮ್ಮ, ಇನ್ಮೇಲೆ ಮ್ಯಾಚ್‌ಗೆ ಬರ್ಬೇಡ.”

“ಯಾಕೆ, ನಾಚಿಕೆ ಆಗುತ್ತಾ?”

“ಅದಲ್ಲ. ನೀನು ಹುಷಾರು ಅಂದಾಗ್ಲೇ ನಂಗೆ ಬೀಳೋದು ನೆನಪಾಗೋದು.”

ಮುಂದಿನ ಆಟಕ್ಕೆ ಹೋಗಲಿಲ್ಲ. ಅಂಗಡಿಯಲ್ಲಿ ಕೂತು ಗಡಿಯಾರ ನೋಡಿದೆ, ಫೋನು ನೋಡಿದೆ, ಮತ್ತೆ ಗಡಿಯಾರ ನೋಡಿದೆ. ನೋಡುತ್ತಾ ಕೂಗುವುದು ಕಷ್ಟವೇನಲ್ಲ. ನೋಡದೆ ಸುಮ್ಮನಿರುವುದಿದೆಯಲ್ಲ, ಅದು ಸುಡುಗಾಡು.

ಆಗ ಬಂತು ತಂಡದ ವಾಟ್ಸಾಪ್ ಗುಂಪಿಗೆ ರಘು ಸರ್ ಸಂದೇಶ. ಇಷ್ಟು ದಿನ ಫೋಟೋ ತೆಗೆಯುತ್ತಿದ್ದವರು ಬೇರೆ ಊರಿಗೆ ಹೋಗಿದ್ದಾರೆ, ಪೋಷಕರಲ್ಲಿ ಯಾರಾದರೂ ತೆಗೆಯುವವರಿದ್ದರೆ ತಿಳಿಸಿ, ಬುಟ್ಟಿಯ ಹಿಂದಿನ ಗೆರೆಯ ಬಳಿಯೇ ನಿಲ್ಲಬಹುದು, ಆದರೆ ಒಂದು ಮಾತೂ ಆಡುವಂತಿಲ್ಲ ಎಂದಿತ್ತು. ಗೆರೆಯ ಬಳಿಯೇ! ನಾನು ಎರಡು ಸಲ ಓದಲಿಲ್ಲ. ಬದನೆಕಾಯಿ ಹಿಡಿದ ಕೈಯಲ್ಲೇ “ನಾನಿದ್ದೀನಿ ಸರ್” ಎಂದು ಒತ್ತಿ ಕಳಿಸಿದೆ.

ನನ್ನ ಹತ್ತಿರ ಕ್ಯಾಮೆರಾ ಇರಲಿಲ್ಲ. ಜೀವಮಾನದಲ್ಲಿ ಒಂದು ಕ್ಯಾಮೆರಾವನ್ನು ಕೈಯಲ್ಲಿ ಹಿಡಿದವಳೂ ಅಲ್ಲ.

ನಮ್ಮ ಮನೆಯ ಮೇಲಿನ ರೂಮಿನಲ್ಲಿ ರಶ್ಮಿ ಎಂಬ ಹುಡುಗಿ ಬಾಡಿಗೆಗಿದ್ದಳು. ಮದುವೆ, ನಾಮಕರಣಗಳ ಫೋಟೋ ತೆಗೆಯುವುದು ಅವಳ ಕೆಲಸ. ಓಡಿಹೋಗಿ ಬಾಗಿಲು ತಟ್ಟಿದೆ. ಅವಳು ಬ್ರಷ್ ಬಾಯಲ್ಲಿಟ್ಟುಕೊಂಡೇ ಎಲ್ಲ ಕೇಳಿಸಿಕೊಂಡು, ಬಾಯಿ ತೊಳೆದು ಬಂದು ಒಂದೇ ಪ್ರಶ್ನೆ ಕೇಳಿದಳು.

“ಯಾಕೆ ತೆಗೀಬೇಕು ಆಂಟಿ ನೀವು?”

“ಕ್ಲಬ್ಬಿಗೆ ಬೇಕಂತೆ.”

“ಕ್ಲಬ್ಬಿಗೆ ಫೋನಲ್ಲಿ ತೆಗೆದ್ರೂ ನಡಿಯುತ್ತೆ. ನಿಮಗ್ಯಾಕೆ ಬೇಕು? ಅದು ಗೊತ್ತಾಗದೆ ಕ್ಯಾಮೆರಾ ಆರಿಸೋಕಾಗಲ್ಲ.”

ಅವಳ ಕಿಟಕಿಯ ಮೇಲಿನ ಹಸಿರು ಟವೆಲ್ಲನ್ನೇ ನೋಡುತ್ತಾ ಹೇಳಿದೆ: “ನಂಗೆ ಅವಳ ಆಟ ನೋಡೋಕಾಗಲ್ಲ ರಶ್ಮಿ. ನೋಡದೇ ಇರೋಕೂ ಆಗಲ್ಲ.”

ಅವಳು ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. “ಸರಿ, ಭಾನುವಾರ ಚಾಮರಾಜಪೇಟೆಗೆ ಹೋಗೋಣ” ಎಂದಳು.

ಆ ಭಾನುವಾರದ ಉತ್ಸಾಹವನ್ನು ಏನೆಂದು ಹೇಳಲಿ! ನನಗೆ ಸೀರೆ ಅಂಗಡಿಯಲ್ಲೂ ಆ ಸಂಭ್ರಮವಾದದ್ದಿಲ್ಲ. ಕಡಿದಾದ ಮೆಟ್ಟಿಲು ಹತ್ತಿ ಹೋದರೆ ಮೊದಲ ಮಹಡಿಯಲ್ಲಿ ಹಳೆಯ ಕ್ಯಾಮೆರಾಗಳ ಒಂದು ಅಂಗಡಿ. ಗಾಜಿನ ಕಪಾಟಿನಲ್ಲಿ ಸಾಲು ಸಾಲಾಗಿ ಕಪ್ಪು ಕಣ್ಣುಗಳು. ಅಂಗಡಿಯ ಯಜಮಾನ ಒಂದೊಂದನ್ನೇ ಬಟ್ಟೆಯ ಮೇಲಿಟ್ಟು ತೋರಿಸಿದರು. ನಾನು ಪ್ರತಿಯೊಂದನ್ನೂ ಅಂಗೈಯಲ್ಲಿಟ್ಟು ತೂಗಿದೆ, ಅಭ್ಯಾಸ ಬಿಡುತ್ತದೆಯೇ? ಒಂದು ಪುಟ್ಟದು ಬೆಂಡೆಕಾಯಿಯ ಹಾಗೆ ಹಗುರ. ಇನ್ನೊಂದನ್ನು ಕುತ್ತಿಗೆಗೆ ಹಾಕಿಕೊಂಡರೆ ಬೂದುಗುಂಬಳ ಕಟ್ಟಿಕೊಂಡಂತಾಯಿತು.

ರಶ್ಮಿ ಒಂದು ಹೊಸ ಬಗೆಯದನ್ನು ಕೈಗೆ ಕೊಟ್ಟಳು. “ಇದು ಸೂಪರ್ ಆಂಟಿ. ಸದ್ದೇ ಮಾಡಲ್ಲ. ಎಲ್ಲಾನೂ ಒಳಗೆ ಟೀವಿ ಥರ ಕಾಣುತ್ತೆ.”

ಬಾಲ್ಕನಿಗೆ ಹೋಗಿ ಕೆಳಗೆ ಓಡುವ ಆಟೋಗಳನ್ನು ತೆಗೆದು ನೋಡಿದೆ. ನಿಜ, ಎಲ್ಲವೂ ಕಾಣುತ್ತಿತ್ತು. ಒಂದು ಕ್ಷಣವೂ ತಪ್ಪದೆ ಕಾಣುತ್ತಿತ್ತು. ಒಳಗೆ ಬಂದು ಅದನ್ನು ಬಟ್ಟೆಯ ಮೇಲೆ ವಾಪಸ್ಸಿಟ್ಟೆ.

“ಬೇರೆ ಇದೆಯಾ?”

ಯಜಮಾನರು ಮೂಲೆಯಿಂದ ಒಂದು ಹಳೆಯದನ್ನು ತೆಗೆದರು. ಹಿಡಿಯ ರಬ್ಬರು ಸವೆದಿತ್ತು. ಕಣ್ಣಿಟ್ಟು ಗುಂಡಿ ಒತ್ತಿ ಹಿಡಿದೆ. ಕಟಕಟಕಟಕಟ! ಎಂಥ ಸದ್ದು! ಜೊತೆಗೆ ಕಿಂಡಿಯೊಳಗೆ ಬೆಳಕು ಕತ್ತಲು, ಬೆಳಕು ಕತ್ತಲು.

“ಇದೇನು, ಮಧ್ಯೆ ಮಧ್ಯೆ ಕಪ್ಪಾಗುತ್ತೆ?”

“ಒಳಗೊಂದು ಕನ್ನಡಿ ಇದೆ ಆಂಟಿ,” ಎಂದಳು ರಶ್ಮಿ. “ಫೋಟೋ ತೆಗೆಯುವಾಗ ಅದು ಮೇಲೇಳುತ್ತೆ. ಅದಕ್ಕೇ ಯಾವ ಗಳಿಗೆ ಫೋಟೋ ಆಗುತ್ತೋ, ಆ ಗಳಿಗೆ ನಿಮಗೆ ಕಾಣಲ್ಲ. ಹಳೇ ಕಾಲದ್ದು, ಇದು ಬೇಡ.”

“ಇದೇ ಬೇಕು” ಎಂದೆ.

ನನ್ನ ಬದಲಿಗೆ ನೋಡುವ ಯಂತ್ರವೊಂದು ಈ ಲೋಕದಲ್ಲಿದೆ ಎಂದು ನನಗೆ ಗೊತ್ತೇ ಇರಲಿಲ್ಲ! ಅತಿ ಕಠಿಣವಾದ ಗಳಿಗೆಯಲ್ಲಿ ನನ್ನ ಕಣ್ಣಿಗೊಂದು ರೆಪ್ಪೆ ಮುಚ್ಚಿ, ತಾನೇ ಅದನ್ನು ನೋಡಿಕೊಳ್ಳುತ್ತದೆ. ಸದ್ದೂ ಅದೇ ಮಾಡುತ್ತದೆ, ನಾನು ಕೂಗಬೇಕಾಗಿಲ್ಲ. ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಎಳೆ ಕೂಸಿನ ಹಾಗೆ ತಂದೆ. ಗೋಪಿ ಬೆಲೆ ಕೇಳಿ ಕಾಫಿ ಲೋಟ ಕೆಳಗಿಟ್ಟರು. ಆಮೇಲೆ ತಾವೇ ಕ್ಯಾಮೆರಾ ತೆಗೆದುಕೊಂಡು ಅಡುಗೆಮನೆಯ ಟೊಮ್ಯಾಟೊ ಬುಟ್ಟಿಯ ಫೋಟೋ ತೆಗೆದರು.

ರಶ್ಮಿ ಮೂರು ಸಂಜೆ ಪಾಠ ಮಾಡಿದಳು. ಫೋಟೋ ತೆಗೆಯುವ ವೇಗ ಒಂದು ಸೆಕೆಂಡಿನ ಐನೂರರಲ್ಲೊಂದು ಭಾಗಕ್ಕಿಂತ ನಿಧಾನವಾದರೆ ಓಡುವವರು ಚಿತ್ರದಲ್ಲಿ ಕಲಸಿಹೋಗುತ್ತಾರೆ. ದೀಪದ ಬೆಳಕಿನಲ್ಲಿ ವೇಗ ಹೆಚ್ಚಿಸಿದರೆ ಚಿತ್ರದ ಮೇಲೆ ರವೆ ಚೆಲ್ಲಿದ ಹಾಗೆ ಕಾಳುಕಾಳು ಬರುತ್ತದೆ, ಬರಲಿ ಬಿಡಿ. ಬಾಲಿನ ಹಿಂದೆ ಓಡಬೇಡಿ, ಬಾಲು ಎಲ್ಲಿಗೆ ಬರುತ್ತದೋ ಅಲ್ಲಿ ಕಾಯಿರಿ. ಆದರೂ ನನ್ನ ಮೊದಲ ಆಟದ ಚಿತ್ರಗಳಲ್ಲಿ ಹೆಚ್ಚಿನವು ಕಂಬ, ದೀಪ, ಯಾರದೋ ಮೊಣಕೈ. ಬಾಲು ಇದ್ದ ಚಿತ್ರದಲ್ಲಿ ಮನುಷ್ಯರಿಲ್ಲ, ಮನುಷ್ಯರಿದ್ದಲ್ಲಿ ಬಾಲಿಲ್ಲ. ಆದರೆ ಆಟ ಮುಗಿದಾಗ ಯಾರೋ ಸ್ಕೋರ್ ಎಷ್ಟಾಯಿತು ಎಂದು ಕೇಳಿದರು, ನನಗೆ ಗೊತ್ತಿರಲಿಲ್ಲ! ಇಡೀ ಆಟದಲ್ಲಿ ನಾನು ತುಟಿ ಬಿಚ್ಚಿರಲಿಲ್ಲ. ಗೆರೆಯ ಬಳಿ ಮಂಡಿಯೂರಿ ಕೂತು ಕೂತು ನನ್ನ ಕಾಲು ಜೋಮು ಹಿಡಿದಿತ್ತು, ಸೀರೆಯ ಅಂಚು ಸಿಮೆಂಟಿಗೆ ಉಜ್ಜಿ ಹರಿದಿತ್ತು. ಮುಂದಿನ ಆಟಕ್ಕೆ ಚೂಡಿದಾರ ಹಾಕಿಕೊಂಡು ಹೋದೆ.

ಮಾರ್ಚ್ ಬಂತು. ರಸ್ತೆ ಬದಿಯ ಮರಗಳು ಗುಲಾಬಿ ಬಣ್ಣ ಚೆಲ್ಲಿಕೊಂಡವು. ನನಗೆ ಆಟ ಅರ್ಥವಾಗತೊಡಗಿತು. ಯಾವ ಹುಡುಗಿ ಎಡಕ್ಕೆ ನೋಡಿ ಬಲಕ್ಕೆ ಎಸೆಯುತ್ತಾಳೆ, ಯಾರು ಜಿಗಿಯುವ ಮೊದಲು ನಾಲಿಗೆ ಕಚ್ಚುತ್ತಾಳೆ, ಎಲ್ಲ ತಿಳಿಯತೊಡಗಿತು. ತಂಡದಲ್ಲಿ ಎಲ್ಲರಿಗಿಂತ ಕುಳ್ಳಿ ಪಲ್ಲವಿ. ಒಂದು ಸಂಜೆ ಅವಳು ಇಬ್ಬರು ಎತ್ತರದ ಹುಡುಗಿಯರ ನಡುವೆ ನುಗ್ಗಿ ಹಾರಿದಳು. ಕಟಕಟಕಟ! ಮನೆಗೆ ಹೋಗಿ ರಶ್ಮಿಯ ಕಂಪ್ಯೂಟರಿನಲ್ಲಿ ನೋಡಿದರೆ ಎರಡು ಕಾಲೂ ನೆಲ ಬಿಟ್ಟಿವೆ, ಜಡೆ ಆಕಾಶಕ್ಕೆ ನಿಂತಿದೆ, ಬಾಲು ಬೆರಳ ತುದಿ ಬಿಟ್ಟು ಹೊರಟಿದೆ. ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ.

“ಇದು ನೀವೇ ತೆಗೆದಿದ್ದಾ ಆಂಟಿ?” ಎಂದಳು ರಶ್ಮಿ.

“ನಾನಲ್ಲ, ಕನ್ನಡಿ” ಎಂದೆ. ನನಗೆ ನಗು ತಡೆಯಲಾಗುತ್ತಿರಲಿಲ್ಲ.

ಮರುದಿನ ಇಡೀ ತಂಡ ಅಂಗಡಿಗೆ ನುಗ್ಗಿತು. ಪಲ್ಲವಿ ನನ್ನನ್ನು ಬಾಚಿ ತಬ್ಬಿಕೊಂಡಳು. “ಆಂಟಿ, ನಮ್ಮಪ್ಪ ಅದನ್ನ ಆಫೀಸಿನವರಿಗೆಲ್ಲ ಕಳಿಸಿದ್ದಾರೆ!” ಉಳಿದವರು ಕ್ಯಾರೆಟ್ ಕಡಿಯುತ್ತಾ, “ಆಂಟಿ ನಂದು ಬಂತಾ? ನಂದು?” ಎಂದು ಮುತ್ತಿಕೊಂಡರು. ಅಂದಿನಿಂದ ನಾನು ಕ್ಯಾಮೆರಾ ಆಂಟಿ. ಬುಧವಾರ, ಶನಿವಾರಗಳ ಆಟ ಬಂತೆಂದರೆ ಬೆಳಿಗ್ಗೆಯಿಂದಲೇ ಕೈಬೆರಳು ತುರಿಸುತ್ತಿತ್ತು. ಬ್ಯಾಟರಿ ಚಾರ್ಜಿಗೆ ಹಾಕುವುದು, ಲೆನ್ಸು ಒರೆಸುವುದು, ಸಂಜೆಯ ಬೆಳಕು ಹೇಗಿದೆಯೆಂದು ಅಂಗಡಿಯಿಂದ ಕತ್ತು ಚಾಚಿ ನೋಡುವುದು. ಒಬ್ಬರು ಗಿರಾಕಿ, “ಏನಮ್ಮ, ಈ ನಡುವೆ ಕೂಗೋದೇ ಕಡಿಮೆ ಮಾಡ್ಬಿಟ್ಟಿದೀಯ?” ಎಂದು ಕೇಳಿದರು.

ಸಿಂಚನಾ ಮಾತ್ರ ಏನೂ ಹೇಳುತ್ತಿರಲಿಲ್ಲ.

ಏಪ್ರಿಲಿನಲ್ಲಿ ಒಂದು ರಾತ್ರಿ ಊಟಕ್ಕೆ ಕೂತಾಗ ತಟ್ಟೆ ತಳ್ಳಿದಳು. “ಎಲ್ಲರದ್ದೂ ಫೋಟೋ ಇದೆ. ಬೆಂಚಲ್ಲಿ ಕೂತಿರೋರದ್ದೂ ಇದೆ. ನಂದು ಒಂದೂ ಇಲ್ಲ.”

ಗೋಪಿ ನನ್ನ ಮುಖ ನೋಡಿದರು.

“ಬರ್ಬೇಡ ಅಂದೆ ಅಂತ ಸೇಡಾ ಅಮ್ಮ?”

“ಅಯ್ಯೋ, ಇಲ್ಲ ಕಣೇ.”

“ಮತ್ತೆ?”

ಎಷ್ಟು ದಿನ ಮುಚ್ಚಿಡಲಿ? ಅವಳ ಕೈಗೆ ಬಾಲು ಬಂದ ಕೂಡಲೇ ನನ್ನ ಬೆರಳು ಕಲ್ಲಾಗುತ್ತಿತ್ತು. ಆ ಕನ್ನಡಿ ಮುಚ್ಚುವುದು ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ. ಮಿಕ್ಕ ಹೊತ್ತೆಲ್ಲ ಮಗಳ ಆಟ ಕಾಣುತ್ತಲೇ ಇತ್ತು, ಅದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ. “ನೀನು ಬಾಲು ಹಿಡಿದಾಗ ನಾನು ಕಣ್ಣು ಮುಚ್ಕೋತೀನಿ,” ಎಂದೆ. “ಕ್ಯಾಮೆರಾ ಹಿಂದೆ. ಯಾರಿಗೂ ಕಾಣಲ್ಲ ಅದು.”

ಅವಳು ನನ್ನನ್ನೇ ನೋಡಿದಳು. ತಟ್ಟೆ ಹತ್ತಿರಕ್ಕೆ ಎಳೆದುಕೊಂಡು ಉಳಿದ ಅನ್ನ ಕಲಸಿದಳು. “ನಾಳೆ ಬೆಳಿಗ್ಗೆ ಆರಕ್ಕೆ ರೆಡಿ ಇರು. ಕ್ಯಾಮೆರಾ ತಗೊ.”

ಬೆಳಿಗ್ಗೆ ಕೋರ್ಟಿನಲ್ಲಿ ಯಾರೂ ಇರಲಿಲ್ಲ. ರಾತ್ರಿ ಬಿದ್ದ ಎಲೆಗಳನ್ನು ಅವಳೇ ಪೊರಕೆ ಹಿಡಿದು ಬುಟ್ಟಿಯ ಕೆಳಗಿನಿಂದ ಗುಡಿಸಿದಳು. ನನ್ನನ್ನು ಗೆರೆಯ ಬಳಿ ಕೂರಿಸಿದಳು.

“ನಾನೀಗ ಬೀಳ್ತೀನಿ. ನೀನು ತೆಗಿ.”

“ಹುಚ್ಚು ಹಿಡಿದಿದೆಯಾ ನಿನಗೆ?”

“ಕೈ ಮುರಿದ ಮೇಲೆ ರಘು ಸರ್ ಎರಡು ತಿಂಗಳು ಬಾಲೇ ಕೊಡ್ಲಿಲ್ಲ ನಂಗೆ. ಬರೀ ಬೀಳೋದು ಕಲಿಸಿದ್ರು. ನೀನು ನೋಡಿಲ್ಲ. ಈಗ ನೋಡು.”

ಓಡಿ ಬಂದಳು. ಹಾರಿದಳು. ನಾನು ಕಣ್ಣು ಮುಚ್ಚಿದೆ. ದಪ್ ಎಂದಿತು ಸಿಮೆಂಟು.

“ತೆಗೆದ್ಯಾ?”

“ಇಲ್ಲ.”

“ಸರಿ, ಇನ್ನೊಂದ್ಸಲ.”

ಮತ್ತೆ ಹಾರಿದಳು, ಮತ್ತೆ ಬಿದ್ದಳು. ನಾನು ಮತ್ತೆ ಮುಚ್ಚಿದೆ. ನಾಲ್ಕನೆಯದೋ ಐದನೆಯದೋ ಸಲ ಅವಳ ಮೊಣಕೈ ತರಚಿತು. ನಾನು ಕ್ಯಾಮೆರಾ ಕೆಳಗಿಟ್ಟು ಏಳಹೋದೆ. “ಕೂತ್ಕೊ ಅಮ್ಮ!” ಎಂದು ಗದರಿದಳು. ಅದು ನನ್ನದೇ ಗಂಟಲು, ನನ್ನದೇ ಜೋರು. “ನೀನು ತೆಗೆಯೋವರೆಗೂ ಬೀಳ್ತೀನಿ, ಅಂಗಡಿಗೆ ಲೇಟಾದ್ರೂ ಸರಿ.”

ಆಗ ಹೊಳೆಯಿತು, ನಾನು ಕಣ್ಣು ಮುಚ್ಚಿದಷ್ಟೂ ಸಲ ಅವಳು ಹೆಚ್ಚು ಬೀಳಬೇಕು. ಎಡಗಣ್ಣನ್ನು ಬಿಗಿಯಾಗಿ ಮುಚ್ಚಿ, ಬಲಗಣ್ಣನ್ನು ಕಿಂಡಿಗೆ ಒತ್ತಿ, ಹಲ್ಲು ಕಚ್ಚಿ ಹಿಡಿದೆ. ಅವಳು ಓಡಿ ಬಂದಳು. ಕಟಕಟಕಟಕಟ. ಕಂಡಿತು. ಅವಳು ಕೈ ಊರಲಿಲ್ಲ. ಎರಡು ಕೈಗಳನ್ನೂ ಎದೆಗೆ ಎಳೆದುಕೊಂಡು, ಗಲ್ಲ ಒಳಗೆ ಮಾಡಿ, ಭುಜದಿಂದ ಸೊಂಟಕ್ಕೆ ಉರುಳಿ, ಚಕ್ಕುಲಿ ಸುತ್ತಿದ ಹಾಗೆ ಸುತ್ತಿ ಎದ್ದು ನಿಂತಳು. ಹಾಗೆ ಬೀಳುವುದಕ್ಕೂ ಒಂದು ವಿದ್ಯೆಯಿದೆ ಎಂದು ನನಗೇನು ಗೊತ್ತು?

“ಬಂತು!” ಎಂದು ಕಿರುಚಿದೆ. “ಸಿಂಚು, ಬಂತು! ಇನ್ನೊಂದ್ಸಲ ಬೀಳೇ!”

ಅವಳು ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಬೆಳಿಗ್ಗೆ ಮಗಳು ಬಿದ್ದಷ್ಟೂ ನನಗೆ ಧೈರ್ಯ ಬಂತು. ಹಾಲಿನವನು ಗೇಟಿನಲ್ಲಿ ಸೈಕಲ್ ನಿಲ್ಲಿಸಿ ಈ ತಾಯಿಮಗಳಿಗೆ ಏನಾಗಿದೆಯೆಂದು ನೋಡುತ್ತಿದ್ದ.

ಫೈನಲ್ ಪಂದ್ಯ ಮೇ ತಿಂಗಳಲ್ಲಿ, ಬಸವನಗುಡಿಯ ಒಂದು ಕೋರ್ಟಿನಲ್ಲಿ. ಅಂಗಡಿಯ ಮುಂದೆ ಬಾದಾಮಿ ಮಾವು ರಾಶಿಯಿತ್ತು, ವ್ಯಾಪಾರದ ಕಾಲ. ಆದರೂ ಗೋಪಿ ಮಧ್ಯಾಹ್ನವೇ ಬಾಗಿಲೆಳೆದರು. ಮೆಟ್ರೋದಲ್ಲಿ ಹೋದೆವು. ಎದುರಾಳಿ ಅಲ್ಲಿಯದೇ ತಂಡ. ಕಟ್ಟೆಗಳ ತುಂಬ ಅವರದೇ ಜನ, ಡೋಲು ಬೇರೆ ತಂದಿದ್ದರು. ಮೋಡ ಕಟ್ಟಿತ್ತು. ಸಂಜೆಯ ಗಾಳಿಗೆ ದೂಳೆದ್ದು ದೀಪಗಳ ಸುತ್ತ ತಿರುಗುತ್ತಿತ್ತು. ಮಳೆ ಬಂದರೆ ಆಟ ನಿಲ್ಲುತ್ತದೆ. ಮೇಲಕ್ಕೊಮ್ಮೆ, ಕೋರ್ಟಿನತ್ತ ಒಮ್ಮೆ ನೋಡುತ್ತಾ ನಾನು ಗೆರೆಯ ಬಳಿ ಮಂಡಿಯೂರಿದೆ.

ಎಂಥ ಆಟ ಅದು! ಅವರು ಎರಡು ಹಾಕಿದರೆ ಇವರು ಎರಡು ಹಾಕುವರು. ಪಲ್ಲವಿ ಜಿಂಕೆಯ ಹಾಗೆ ನುಗ್ಗುತ್ತಿದ್ದಳು. ನಾನು ಹುಡುಗಿಯರನ್ನೆಲ್ಲ ತೆಗೆದೆ, ನನ್ನ ಮಗಳನ್ನೂ ತೆಗೆದೆ. ಅವಳು ಹಾರಿದಾಗ, ಬಾಲು ಕಸಿದಾಗ, ಒಮ್ಮೆ ಬುಟ್ಟಿ ತಪ್ಪಿ ತನ್ನ ಹಣೆ ತಾನೇ ಬಡಿದುಕೊಂಡಾಗ. ಕೊನೆಯ ನಿಮಿಷ ಬಂದಾಗ ನಾವು ಒಂದು ಅಂಕ ಹಿಂದಿದ್ದೆವು. ಡೋಲಿನ ಸದ್ದು ಎದೆಯೊಳಗೇ ಬಡಿಯುತ್ತಿತ್ತು. ರಘು ಸರ್ ಶರ್ಟಿನ ತೋಳು ಕಚ್ಚಿಕೊಂಡಿದ್ದರು.

ಪಲ್ಲವಿ ಎಡಕ್ಕೆ ನೋಡಿದಳು. ನನಗೆ ಗೊತ್ತಾಯಿತು, ಬಾಲು ಬಲಕ್ಕೆ ಬರುತ್ತದೆ, ಬಲಕ್ಕೆ ಸಿಂಚನಾ ಇದ್ದಾಳೆ. ಲೆನ್ಸು ಅಲ್ಲಿಗೆ ತಿರುಗಿಸಿ ಕಾದೆ. ಬಂತು. ಅವಳು ಎರಡು ಹೆಜ್ಜೆ ಹಾಕಿ ನೇರ ನನ್ನ ಮೇಲೇ ಬರುವಂತೆ ಹಾರಿದಳು. ನಾನು ಗುಂಡಿ ಒತ್ತಿ ಹಿಡಿದೆ. ಬೆಳಕು: ಅವಳ ಮುಖ. ಕತ್ತಲು. ಬೆಳಕು: ಪಕ್ಕದಿಂದ ನುಗ್ಗಿದ ಭುಜ. ಕತ್ತಲು. ಬೆಳಕು: ಅವಳು ಗಾಳಿಯಲ್ಲಿ ಅಡ್ಡಲಾಗಿದ್ದಾಳೆ. ಕತ್ತಲು, ಬೆಳಕು, ಕತ್ತಲು. ನನ್ನ ಕಣ್ಣು ತೆರೆದೇ ಇತ್ತು. ದಪ್ ಎಂದು ಅವಳು ನನ್ನಿಂದ ಒಂದು ಮಾರು ದೂರದಲ್ಲಿ ಬಿದ್ದಳು, ಉರುಳಿದಳು. ಬಾಲು ಬುಟ್ಟಿಯ ಕಬ್ಬಿಣದ ಬಳೆಯ ಮೇಲೆ ಒಂದು ಸುತ್ತು ಸುತ್ತಿತು. ಒಳಕ್ಕೆ ಬಿತ್ತು.

ರೆಫರಿಯ ಸೀಟಿ, ಬುಟ್ಟಿ ಲೆಕ್ಕಕ್ಕೆ ಎಂಬ ಕೈಸನ್ನೆ, ನಮ್ಮ ಬೆಂಚಿನ ಹುಡುಗಿಯರ ಕೇಕೆ. ಉಳಿದ ಗಳಿಗೆಗಳಲ್ಲಿ ಅವರು ದೂರದಿಂದ ಎಸೆದದ್ದು ಬಳೆಗೂ ತಾಗಲಿಲ್ಲ. ನಾವು ಗೆದ್ದೆವು! ಅದೇ ಹೊತ್ತಿಗೆ ಮಳೆಯೂ ಸುರಿಯಿತು. ಎಲ್ಲರೂ ಓಡಿ ಪಕ್ಕದ ಶೀಟಿನ ಕೆಳಗೆ ಸೇರಿದೆವು. ಬೆವರು, ಮಳೆ, ಸ್ಪ್ರೇಯ ಘಾಟು, ಒಬ್ಬರ ಮೇಲೊಬ್ಬರು. ಗೋಪಿ ಅಂಗಡಿಯಿಂದ ತಂದಿದ್ದ ಮಾವಿನಹಣ್ಣಿನ ಬುಟ್ಟಿ ಬಿಚ್ಚಿ ಎದುರು ತಂಡದವರಿಗೂ ಹಂಚುತ್ತಿದ್ದರು.

“ಅಮ್ಮ, ಬಂತಾ?” ಸಿಂಚನಾ ಕೈ ಚಾಚಿದಳು.

ನನಗೂ ಗೊತ್ತಿರಲಿಲ್ಲ. ದುಪಟ್ಟಾದಿಂದ ಕ್ಯಾಮೆರಾದ ಪರದೆ ಒರೆಸಿ ಅವಳ ಕೈಗೆ ಕೊಟ್ಟೆ. ಹುಡುಗಿಯರೆಲ್ಲ ಅವಳ ಭುಜಗಳ ಮೇಲೆ ಗಲ್ಲ ಊರಿದರು. ಅವಳು ಅದರ ಹಿಂಬದಿಯ ಚಕ್ರವನ್ನು ಹೆಬ್ಬೆರಳಿನಿಂದ ತಿರುಗಿಸಿದಳು. ಓಡಿ ಬಂದಳು, ಹಾರಿದಳು, ಗುದ್ದಿಸಿಕೊಂಡಳು, ಅಡ್ಡಲಾದಳು. ಬೀಳುತ್ತಿರುವ ಒಂದು ಚಿತ್ರದಲ್ಲಿ ಅವಳು ನಿಲ್ಲಿಸಿದಳು. ನೆಲ ಇನ್ನೊಂದು ಗೇಣಿದೆ. ಎರಡು ಕೈಗಳೂ ಎದೆಗೊತ್ತಿವೆ. ಅವಳ ಕಣ್ಣುಗಳು ನೆಲ ನೋಡುತ್ತಿಲ್ಲ. ಮೇಲೆ, ಬಾಲಿನ ಮೇಲಿವೆ. ಮುಖದಲ್ಲಿ ಭಯದ ಸುಳಿವೇ ಇರಲಿಲ್ಲ. ಇಷ್ಟು ದಿನ ಆ ಗಳಿಗೆಯಲ್ಲಿ ಹೆದರುತ್ತಿದ್ದವಳು ನಾನೊಬ್ಬಳೇ.

“ತಡಿ, ತಡಿ” ಎಂದು ಅವಳು ಚಕ್ರವನ್ನು ಹಿಂದಕ್ಕೆ ತಿರುಗಿಸಿದಳು. ಪರದೆಯಲ್ಲಿ ಬಿದ್ದವಳು ನೆಲದಿಂದ ಮೇಲೆದ್ದಳು, ನೇರವಾದಳು, ತೇಲಿದಳು, ಬಾಲು ಅವಳ ಕೈಗೆ ಬಂದು ಸೇರಿತು.

“ಅಯ್ಯೋ, ಸೂಪರ್ ಮಗಾ! ಇನ್ನೊಂದ್ಸಲ!” ಎಂದು ಪಲ್ಲವಿ ಕುಣಿದಳು.

ಇನ್ನೊಂದು ಸಲ ತಿರುಗಿಸಿದಳು. ಮತ್ತೊಂದು ಸಲ. ಎದುರು ತಂಡದಲ್ಲಿ ಅವಳನ್ನು ಗುದ್ದಿದ ಹುಡುಗಿಯೂ ಬಾಯಲ್ಲಿ ಮಾವಿನ ಓಟೆ ಇಟ್ಟುಕೊಂಡು ಬಂದು ಇಣುಕಿದಳು. ಶೀಟಿನ ಮೇಲೆ ಮಳೆ ಧೋ ಎಂದು ಸುರಿಯುತ್ತಿತ್ತು. ಬ್ಯಾಟರಿ ಮುಗಿದು ಪರದೆ ಕಪ್ಪಾಗುವವರೆಗೂ ನನ್ನ ಮಗಳು ಸಿಮೆಂಟಿನಿಂದ ಎದ್ದು ಎದ್ದು ಬುಟ್ಟಿಯ ಕಡೆಗೆ ಹಾರುತ್ತಲೇ ಇದ್ದಳು.